ಹಿಮದ ಹಳ್ಳಿಯಲ್ಲಿ ಎಂಟು ದಿನ

ಮೈಸೂರು ಸೀಮೆಯವರಾದ ನಮಗೆ ಚಳಿಗಾಲವೆಂದರೆ ಧನುರ್ಮಾಸದ ಬೆಳಗಿನ ಹುಗ್ಗಿ, ಅವರೆಕಾಯಿಯ ಸೊಗಡು, ಹೆಚ್ಚೆಂದರೆ ಹೆಗಲ ಮೇಲೊಂದು ಶಾಲು. ಹಿಮವೆಂಬ ಮಾತು ನಮ್ಮ ಭಾಷೆಯಲ್ಲಿ ಹಳೆಯದು. ಹಿಮವೆಂಬ ವಸ್ತುವನ್ನು ಮಾತ್ರ ನಾವು ಕಂಡವರಲ್ಲ. ಮಂಜು ಬೀಳುತ್ತದೆಯೆಂದು ನಾವು ಹೇಳುವಾಗ ಮನಸ್ಸಿನಲ್ಲಿರುವುದು ಮಡಿಕೇರಿಯ ಮುಸುಕು, ಇಲ್ಲವೆ ಹುಲ್ಲಿನ ತುದಿಯ ಇಬ್ಬನಿ. ನಿಜವಾದ ಹಿಮವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕೆಂಬುದು ನಮ್ಮ ಮಕ್ಕಳ ಬಹುದಿನದ ಹಟ. ಹಟವು ಮಕ್ಕಳದೆಂದು ಹೇಳಿದೆವಾದರೂ, ದೊಡ್ಡವರಾದ ನಮಗೂ ಆ ಆಸೆಯು ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದಕಾರಣ ಒಂದು ಡಿಸೆಂಬರಿನಲ್ಲಿ, ಶಾಲೆಗೆ ಕ್ರಿಸ್‌ಮಸ್ ರಜ ಬಂದೊಡನೆ, ದಂಪತಿಗಳಾದ ನಾವಿಬ್ಬರು, ಹತ್ತು ವರ್ಷದ ಮಗ, ಆರು ವರ್ಷದ ಮಗಳು, ಹೀಗೆ ನಾಲ್ವರೂ ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಗೆ ಹೊರಟೆವು.

ಮನಾಲಿಯ ಹೋಟೆಲಿನಲ್ಲಿ ಇಳಿದುಕೊಂಡು, ಕಿಟಕಿಯಿಂದ ಬೆಟ್ಟಗಳನ್ನು ನೋಡಿ ಬಂದರೆ ಸಾಕೆಂದು ಸ್ನೇಹಿತರು ಹೇಳಿದರು. ಆದರೆ ನಮಗೆ ಹಿಮವನ್ನು ನೋಡುವುದಕ್ಕಿಂತ ಹಿಮದಲ್ಲಿ ಬಾಳುವವರ ಮನೆಯನ್ನು ನೋಡಬೇಕೆಂದು ಮನಸ್ಸಾಯಿತು. ಗೋಂಧ್ಲಾ ಸಮೀಪದ ಒಂದು ಹಳ್ಳಿಯಲ್ಲಿ ಒಬ್ಬ ರೈತರು ತಮ್ಮ ಮನೆಯ ಎರಡು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟುಕೊಡುವರೆಂದು ತಿಳಿದು, ದೂರವಾಣಿಯಲ್ಲಿ ಮಾತನಾಡಿ, ಐದು ದಿನಗಳಿಗೆ ಗೊತ್ತುಮಾಡಿಕೊಂಡೆವು. ಆ ಐದು ದಿನ ಎಂಟಾದ ಕಥೆಯನ್ನೇ ಈಗ ವಾಚಕರಿಗೆ ಹೇಳಹೊರಟಿದ್ದೇವೆ.

ಮೊದಲು ಆ ಸೀಮೆಯ ಪರಿಚಯವಾಗಬೇಕು. ಮನಾಲಿಯ ಉತ್ತರಕ್ಕೆ ಪೀರ್ ಪಂಜಾಲ್ ಪರ್ವತಶ್ರೇಣಿಯು ಗೋಡೆಯಂತೆ ನಿಂತಿದೆ. ಆ ಗೋಡೆಯನ್ನು ದಾಟುವುದಕ್ಕೆ ಹಿಂದೆ ಇದ್ದ ಮುಖ್ಯವಾದ ಬಾಗಿಲೆಂದರೆ ಸುಮಾರು ೧೩,೦೦೦ ಅಡಿ ಎತ್ತರದ ರೋಹತಾಂಗ್ ಕಣಿವೆದಾರಿ. ಆ ಹೆಸರಿಗೆ ಹೆಣಗಳ ರಾಶಿಯೆಂದು ಜನರು ಅರ್ಥ ಹೇಳುತ್ತಾರೆ. ಅದನ್ನು ಅಕಾಲದಲ್ಲಿ ದಾಟಹೋಗಿ ಹಿಮಗಾಳಿಗೆ ಸಿಕ್ಕಿದವರು ಅಷ್ಟು ಮಂದಿ. ಚಳಿಗಾಲ ಬಂತೆಂದರೆ ಈ ಬಾಗಿಲು ಮುಚ್ಚುತ್ತಿತ್ತು. ಆಚೆಯ ಲಾಹೌಲ್ ವರ್ಷದಲ್ಲಿ ಐದಾರು ತಿಂಗಳು ಲೋಕದಿಂದ ಬೇರೆಯಾಗಿರುತ್ತಿತ್ತು. ೨೦೨೦ನೆಯ ಇಸವಿ ಅಕ್ಟೋಬರ್ ೩ರಂದು ಬೆಟ್ಟದ ಬುಡದಲ್ಲಿ ೯ ಕಿಲೋಮೀಟರಿಗೆ ತುಸು ಹೆಚ್ಚು ಉದ್ದದ ಅಟಲ್ ಸುರಂಗವು ತೆರೆದ ಮೇಲೆ ಈ ಸ್ಥಿತಿ ಬದಲಾಯಿತು. ಪ್ರಧಾನಿಗಳಾಗಿದ್ದ ವಾಜಪೇಯಿಯವರಿಗೆ ಲಾಹೌಲಿನವರೇ ಆದ ಹಳೆಯ ಮಿತ್ರರೊಬ್ಬರಿದ್ದರು. ಅವರು ದೆಹಲಿಗೆ ಹೋಗಿ ಕೇಳಿಕೊಂಡ ಮೇಲೆ ೨೦೦೦ದಲ್ಲಿ ಈ ಕೆಲಸದ ಘೋಷಣೆಯಾಯಿತೆಂದು ಕಣಿವೆಯವರು ಇಂದಿಗೂ ಅಭಿಮಾನದಿಂದ ಹೇಳುತ್ತಾರೆ.

ದೆಹಲಿಯಿಂದ ರಾತ್ರಿಯ ಬಸ್ಸಿನಲ್ಲಿ ಮನಾಲಿಗೆ ಬಂದು, ಎತ್ತರದ ಗಾಳಿಗೆ ಮೈ ಹೊಂದಿಕೊಳ್ಳಲೆಂದು ಅಲ್ಲಿ ಒಂದು ದಿನ ತಂಗಿ, ಮಾರನೆಯ ಬೆಳಿಗ್ಗೆ ಬಾಡಿಗೆಯ ಕಾರಿನಲ್ಲಿ ಹೊರಟೆವು. ದೇವದಾರು ಮರಗಳ ನಡುವೆ ಏರುತ್ತ ಸುರಂಗದ ಬಾಯನ್ನು ಹೊಕ್ಕವರು, ಹತ್ತು ಹನ್ನೆರಡು ನಿಮಿಷಗಳೊಳಗೆ ಬೇರೊಂದು ಲೋಕಕ್ಕೆ ಬಂದುಬಿಟ್ಟೆವು. ಈಚೆಗೆ ದಟ್ಟವಾದ ಕಾಡು. ಆಚೆಗೆ ಬೋಳು ಬೆಟ್ಟ. ಮುಂಗಾರಿನ ಮೋಡಗಳನ್ನು ಪೀರ್ ಪಂಜಾಲ್ ತಡೆದುಬಿಡುವುದರಿಂದ ಲಾಹೌಲಿನಲ್ಲಿ ಮಳೆಯು ಬಹಳ ಕಡಮೆ. ಕೆಳಗೆ ಚಂದ್ರಾ ನದಿ ಅಂಚುಗಳಲ್ಲಿ ಹೆಪ್ಪುಗಟ್ಟಿ, ನಡುವೆ ಹಸುರುಬಣ್ಣದ ಒಂದು ಎಳೆಯಾಗಿ ಹರಿಯುತ್ತಿತ್ತು. ಶಿಖರಗಳು ಬೆಳ್ಳಗಿದ್ದವು. ಆದರೆ ಹಳ್ಳಿಯಲ್ಲಿ? ಹಳ್ಳಿಯಲ್ಲಿ ಹಿಮದ ಹೆಸರೇ ಇರಲಿಲ್ಲ! ಕೆಂಪುಬೂದು ಬಣ್ಣದ ಒಣನೆಲ, ಎಲೆಯುದುರಿದ ವಿಲೋ ಮರಗಳು, ಗಾಳಿಗೆ ಏಳುವ ಧೂಳು. ದೂರದ ಬೆಟ್ಟ ನುಣ್ಣಗೆಂಬ ಗಾದೆ ಇಲ್ಲಿಯೂ ನಮ್ಮನ್ನು ಬಿಡಲಿಲ್ಲ. ನಮ್ಮ ಮಗನು ಕಾರಿನಿಂದಿಳಿದು ಸುತ್ತ ನೋಡಿ, “ಇದಕ್ಕೇನಪ್ಪಾ ಇಷ್ಟು ದೂರ ಬಂದದ್ದು?” ಎಂದು ಕೇಳಿಯೇಬಿಟ್ಟನು.

ಮನೆಯ ಯಜಮಾನರು ಹಿಂದಿಯನ್ನು ಬಲ್ಲವರು. ಹುಡುಗನ ಮುಖವನ್ನು ಕಂಡು ಅವರು ಕೇಳಿದರು, ನಾವು ಹೇಳಿದೆವು. ಅವರು ನಗಲಿಲ್ಲ. “ಮಗನಿಗೆ ಆಟ ತಪ್ಪಿತು. ನಮಗೆ ಬೆಳೆ ತಪ್ಪೀತೆಂದು ನಾವು ಕಾಯುತ್ತಿದ್ದೇವೆ” ಎಂದರು. ಆ ಮಾತಿನ ಅರ್ಥವು ನಮಗೆ ಪೂರ್ತಿಯಾಗಿ ಆದದ್ದು ಎರಡು ದಿನಗಳ ಮೇಲೆ.

ಮನೆಯು ನಮ್ಮ ಚಿತ್ರದುರ್ಗ, ಬಳ್ಳಾರಿಗಳ ಕಡೆಯ ಮಣ್ಣಿನ ಮಾಳಿಗೆಯನ್ನು ನೆನಪಿಗೆ ತರುವಂಥದು. ಗೋಡೆಗಳು ದಪ್ಪ, ಮೇಲ್ಛಾವಣಿ ಚಪ್ಪಟೆ. ಕೆಳಗಡೆ ದನಕುರಿಗಳ ಕೊಟ್ಟಿಗೆ. ಅವುಗಳ ಮೈಶಾಖವೂ ಮೇಲಿನ ಕೋಣೆಗಳಿಗೆ ಒದಗುವಂತೆ ಹಿರಿಯರು ಕಟ್ಟಿದ್ದಾರೆ. ಚಳಿಗಾಲದಲ್ಲಿ ಮನೆಮಂದಿಯೆಲ್ಲ ಸೇರುವುದು ಒಂದೇ ಕೋಣೆಯಲ್ಲಿ. ಅದರ ನಡುವೆ ತಂದೂರ್ ಎಂದು ಅವರು ಕರೆಯುವ ಕಬ್ಬಿಣದ ಒಲೆ. ಅದರ ಹೊಗೆಕೊಳವೆಯು ಮಾಳಿಗೆಯನ್ನು ಸೀಳಿಕೊಂಡು ಮೇಲಕ್ಕೆ ಹೋಗುತ್ತದೆ. ಅದೇ ಅಡಿಗೆಯ ಒಲೆ, ಅದೇ ನೀರು ಕಾಯಿಸುವ ಹಂಡೆಯ ಪೀಠ, ಅದೇ ಬಟ್ಟೆ ಒಣಗಿಸುವ ಬಿಸಿಲು. ಅದರ ಸುತ್ತ ಕಂಬಳಿಗಳನ್ನು ಹಾಸಿ ಕುಳಿತವರು ಮಾತನಾಡುತ್ತಿರುತ್ತಾರೆ. ಕೈಗಳು ಮಾತ್ರ ಸುಮ್ಮನಿರುವುದಿಲ್ಲ. ಗಂಡಸರೂ ತಕಲಿಯಲ್ಲಿ ಉಣ್ಣೆ ನೂಲುತ್ತಾರೆ, ಹೆಂಗಸರು ಕಾಲುಚೀಲ ಹೆಣೆಯುತ್ತಾರೆ. ಬಣ್ಣಬಣ್ಣದ ಚಿತ್ತಾರದ ಈ ಲಾಹೌಲಿ ಕಾಲುಚೀಲಗಳು ಈಗ ಹೆಸರಾದವು. ೧೯ನೆಯ ಶತಮಾನದ ನಡುವಿನಲ್ಲಿ ಕೇಲಾಂಗಿಗೆ ಬಂದು ನೆಲಸಿದ ಮೊರೇವಿಯನ್ ಪಾದ್ರಿಗಳ ಮನೆಯ ಹೆಂಗಸರು ಹೆಣಿಗೆಯನ್ನು ಕಲಿಸಿದರೆಂದೂ, ಆಲೂಗೆಡ್ಡೆಯ ಬೇಸಾಯವನ್ನು ಇಲ್ಲಿಗೆ ತಂದವರು ಆ ಪಾದ್ರಿಗಳೇ ಎಂದೂ ಹೇಳುತ್ತಾರೆ.

ಮನೆಯ ಹಿರಿಯಾಕೆ, ಯಜಮಾನರ ತಾಯಿ, ಎಂಬತ್ತರ ಅಂಚಿನವರು. ನಮ್ಮ ಮಕ್ಕಳು ಮೊದಲ ದಿನವೇ ಅವರನ್ನು “ಅಜ್ಜಿ” ಎಂದು ಕರೆದರು. ಆಕೆಯೂ ಆ ಹೆಸರಿಗೆ ಓಗೊಟ್ಟರು. ನಮ್ಮ ಮನೆಯಾಕೆ ಊರಿನಿಂದ ತಂದಿದ್ದ ಚಕ್ಕುಲಿಯನ್ನು ಕೊಟ್ಟಾಗ, ಹಲ್ಲಿಲ್ಲದ ಅಜ್ಜಿ ಅದನ್ನು ಉಪ್ಪುಬೆಣ್ಣೆ ಹಾಕಿದ ಚಹದಲ್ಲಿ ನೆನೆಯಿಸಿ ತಿಂದು, ಚೆನ್ನಾಗಿದೆಯೆಂದು ತಲೆದೂಗಿದರು. ಪ್ರತಿಯಾಗಿ ನಮಗೆ ಹುರಿದ ಜವೆಗೋಧಿಯ ಹಿಟ್ಟು ಬಂತು. ನಮ್ಮ ಹುರಿಹಿಟ್ಟಿನ ಅಣ್ಣತಮ್ಮನೇ ಅದು! ಬೆಣ್ಣೆ ಸೇರಿಸಿ ಉಂಡೆಕಟ್ಟಿ ತಿಂದರೆ ಚಳಿಯು ಒಂದು ಗಳಿಗೆ ದೂರ ನಿಲ್ಲುತ್ತದೆ.

ಎರಡನೆಯ ದಿನ ಗೋಂಧ್ಲಾದಲ್ಲಿರುವ ಹಳೆಯ ಠಾಕೂರರ ಗೋಪುರಮನೆಯನ್ನು ನೋಡಿದೆವು. ಕಲ್ಲು ಮತ್ತು ಮರದ ತೊಲೆಗಳನ್ನು ಒಂದರ ಮೇಲೊಂದು ಅಡ್ಡಡ್ಡಲಾಗಿ ಪೇರಿಸಿ ಕಟ್ಟಿದ, ಹಲವು ಅಂತಸ್ತುಗಳ ಆ ಎತ್ತರದ ಕಟ್ಟಡವು ಮುನ್ನೂರು ವರ್ಷಗಳಷ್ಟು ಹಳೆಯದು. ಮೂರನೆಯ ದಿನ ತಾಂಡಿಗೆ ಹೋದೆವು. ಅಲ್ಲಿ ಚಂದ್ರಾ ಮತ್ತು ಭಾಗಾ ನದಿಗಳು ಕೂಡಿ ಚಂದ್ರಭಾಗಾ ಆಗುತ್ತವೆ. ಮುಂದೆ ಇದೇ ಚಿನಾಬ್. ಋಗ್ವೇದದಲ್ಲಿ ಅಸಿಕ್ನಿಯೆಂದು ಹೇಳಿರುವ ನದಿ. ಸಂಗಮದ ತಣ್ಣೀರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಬೆರಳುಗಳಿಗೆ ಜೀವ ಬರಲು ಕಾಲು ಗಂಟೆ ಕೈ ಉಜ್ಜಿಕೊಂಡೆವು.

ದಾರಿಯುದ್ದಕ್ಕೂ ಯಜಮಾನರು ಒಣಗಿದ ಸಣ್ಣ ಕಾಲುವೆಗಳನ್ನು ತೋರಿಸಿದರು. ಅವುಗಳಿಗೆ ಕೂಲ್ ಎಂದು ಹೆಸರು. ಮೇಲಿನ ಹಿಮವು ಬೇಸಿಗೆಯಲ್ಲಿ ಕರಗಿದಾಗ ಆ ನೀರನ್ನು ಬೆಟ್ಟದ ಮಗ್ಗುಲಲ್ಲಿ ಬಳಸಿ ಬಳಸಿ ತಂದು ಹೊಲಗಳಿಗೆ ಬಿಡುತ್ತಾರೆ. ವರ್ಷಕ್ಕೆ ಒಂದೇ ಬೆಳೆ: ಆಲೂಗೆಡ್ಡೆ, ಬಟಾಣಿ, ಹೂಕೋಸು. ಮಳೆಯಿಲ್ಲದ ಸೀಮೆಗೆ ಹಿಮವೇ ಕೆರೆ. ಚಳಿಗಾಲದಲ್ಲಿ ಬಿದ್ದು, ಗಟ್ಟಿಯಾಗಿ ಕೂತು, ಬೇಕಾದ ಕಾಲಕ್ಕೆ ಮೆಲ್ಲಮೆಲ್ಲನೆ ಇಳಿದುಬರುವ ಕೆರೆ. ಹೊತ್ತಿಗೆ ಸರಿಯಾಗಿ ಬೀಳದೆ ಮಾರ್ಚಿಯಲ್ಲಿ ಬಿದ್ದರೆ ಅದು ಕೂರುವುದಿಲ್ಲ. ಬಿಸಿಲಿಗೆ ಬೇಗ ಹರಿದುಹೋಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಎಷ್ಟೋ ಸಲ ಹಾಗೆ ಆಗಿದೆ. ೨೦೨೪ರ ಜನವರಿಯಲ್ಲಂತೂ ಹಿಮಾಚಲದಲ್ಲಿ ತಿಂಗಳು ಪೂರ್ತಿ ಒಣಗಿದಂತೆಯೇ ಹೋಯಿತು. ನಮ್ಮ ರೈತರು ಆಷಾಢದ ಆಕಾಶವನ್ನು ನೋಡುವ ಕಣ್ಣಿನಿಂದಲೇ ಇವರು ಪುಷ್ಯದ ಆಕಾಶವನ್ನು ನೋಡುತ್ತಾರೆ. ನಾವು ಆಟದ ಸಾಮಾನೆಂದು ಹುಡುಕಿಕೊಂಡು ಬಂದದ್ದು ಇವರ ಅನ್ನವಾಗಿತ್ತು.

ಆ ದಿನ ಸಾಯಂಕಾಲ ಗಾಳಿ ನಿಂತಿತು. ಆಕಾಶವು ಸೀಸದ ಬಣ್ಣಕ್ಕೆ ತಿರುಗಿತು. ಅಜ್ಜಿಯು ಬಾಗಿಲಲ್ಲಿ ನಿಂತು ಗಾಳಿಯನ್ನು ಮೂಸಿ ಏನೋ ಅಂದರು. ಮಗನು ಹೋಗಿ ಮರದ ಸಲಿಕೆಗಳನ್ನು ತಂದು ಮೆಟ್ಟಿಲ ಬಳಿ ಒರಗಿಸಿದರು. ಮಳೆಯಾದರೆ ಗುಡುಗಿ ಹೇಳಿಯೇ ಬರುತ್ತದೆ. ಹಿಮವು ಕಳ್ಳಹೆಜ್ಜೆಯದು. ರಾತ್ರಿ ಎಚ್ಚರವಾದಾಗ ಲೋಕದಲ್ಲಿ ಎಲ್ಲಿಯೂ ಶಬ್ದವಿಲ್ಲವೆಂಬುದೇ ನಮಗೆ ತಿಳಿದ ಮೊದಲ ಸುದ್ದಿ. ಕಿಟಕಿಯನ್ನು ಒರೆಸಿ ನೋಡಿದೆವು: ದೀಪದ ಬೆಳಕಿನಲ್ಲಿ ಅರಳೆಯಂತೆ ಬೀಳುತ್ತಿತ್ತು. ಅಂಗಳದಲ್ಲಿ ಯಜಮಾನರು ಬರಿತಲೆಯಲ್ಲಿ ನಿಂತು, ಬೀಳುವ ಹಿಮಕ್ಕೆ ಎರಡು ಕೈ ಜೋಡಿಸಿದ್ದರು. ಅದನ್ನು ನೋಡಿ ನಾವು ಮಕ್ಕಳನ್ನು ಎಬ್ಬಿಸುವುದನ್ನು ಮರೆತು ಸುಮ್ಮನೆ ನಿಂತುಬಿಟ್ಟೆವು.

ಬೆಳಗಾದರೆ ಮೊಣಕಾಲುದ್ದ. ಮಕ್ಕಳ ಸಂಭ್ರಮವನ್ನು ವರ್ಣಿಸುವುದು ಬೇಡ, ತಾಯಂದಿರು ಊಹಿಸಿಕೊಳ್ಳಬಲ್ಲರು. ಆದರೆ ಹಿಮವು ಬಿದ್ದ ಬೆಳಿಗ್ಗೆ ಆ ಹಳ್ಳಿಯವರಿಗೆ ಮೊದಲ ಕೆಲಸ ಮಾಳಿಗೆಯದು. ಚಪ್ಪಟೆಯಾದ ಮಣ್ಣಿನ ಛಾವಣಿಯ ಮೇಲೆ ಹಿಮವನ್ನು ಬಿಟ್ಟರೆ ಭಾರಕ್ಕೆ ತೊಲೆಗಳು ಕುಸಿಯಬಹುದು. ಕರಗಿದರೆ ಮನೆಯೊಳಗೆ ಸೋರುತ್ತದೆ. ನಾವೂ ಸಲಿಕೆ ಹಿಡಿದು ಮೇಲೆ ಹತ್ತಿದೆವು. ನೋಡುವುದಕ್ಕೆ ಹತ್ತಿ, ತಳ್ಳುವುದಕ್ಕೆ ಕಲ್ಲು! ಹತ್ತು ಸಾವಿರ ಅಡಿಗಳ ಎತ್ತರದಲ್ಲಿ ಇಪ್ಪತ್ತು ಸಲಿಕೆ ತಳ್ಳುವಷ್ಟರಲ್ಲಿ ನಮ್ಮ ಉಸಿರು ನಮ್ಮದಾಗಿ ಉಳಿಯಲಿಲ್ಲ. ಪಕ್ಕದ ಮನೆಯಲ್ಲಿ ವೃದ್ಧ ದಂಪತಿಗಳಿಬ್ಬರೇ ಇದ್ದರು. ತಮ್ಮ ಮಾಳಿಗೆ ಮುಗಿದೊಡನೆ ಯಜಮಾನರು ಯಾರೂ ಕರೆಯದೆಯೇ ಅವರ ಮಾಳಿಗೆಗೆ ದಾಟಿದರು.

ಹಿಮವು ಆ ದಿನವೆಲ್ಲ ಬಿಡದೆ ಬಿತ್ತು. ದಾರಿ ಮುಚ್ಚಿತು, ಸುರಂಗದ ಮಾರ್ಗವನ್ನು ಪ್ರವಾಸಿಗಳಿಗೆ ನಿಲ್ಲಿಸಿದ ಸುದ್ದಿಯೂ ಬಂತು. ಮಾರನೆಯ ದಿನ ಹೊರಡಬೇಕಾಗಿದ್ದ ನಾವು ಮೊದಲು ಮಾಡಿದ್ದು ರೈಲಿನ ಟಿಕೀಟು, ಕಚೇರಿಯ ರಜ, ಇವುಗಳ ಲೆಕ್ಕ. ಸ್ವಲ್ಪ ಗೊಣಗಿದೆವೆಂದು ಒಪ್ಪಿಕೊಳ್ಳುತ್ತೇವೆ. ಆದರೆ ಆ ಲೆಕ್ಕವೆಲ್ಲ ರಾತ್ರಿ ಒಂಬತ್ತು ಗಂಟೆಗೆ ಮರೆತುಹೋಯಿತು. ಮಗಳಿಗೆ ಜ್ವರ ಬಂದಿತ್ತು.

ಮೊದಲು ಹಗಲೆಲ್ಲ ಆಡಿದ ಆಯಾಸವೆಂದುಕೊಂಡೆವು. ಹತ್ತು ಗಂಟೆಗೆ ಮೈ ಸುಡತೊಡಗಿತು. ಕೆಮ್ಮಿನೊಡನೆ ಉಸಿರು ಬೇಗಬೇಗನೆ ಬರುತ್ತಿತ್ತು. ನಾವು ತಂದಿದ್ದ ಔಷಧವನ್ನು ಕೊಟ್ಟೆವು. ಎತ್ತರದ ಸೀಮೆಯಲ್ಲಿ ಉಸಿರಿನ ತೊಂದರೆಯನ್ನು ಉದಾಸೀನ ಮಾಡಬಾರದೆಂದು ಓದಿದ್ದ ನಮಗೆ ಕೈಕಾಲು ಆಡದಾಯಿತು. ಆಸ್ಪತ್ರೆಯಿರುವುದು ಜಿಲ್ಲೆಯ ಮುಖ್ಯ ಸ್ಥಳವಾದ ಕೇಲಾಂಗಿನಲ್ಲಿ, ಹತ್ತು ಮೈಲಿಗೂ ಮೇಲೆ. ಹೊರಗೆ ಸೊಂಟದವರೆಗೆ ಹಿಮ, ಕಗ್ಗತ್ತಲೆ. ಬೆಟ್ಟದ ಇಳಿಜಾರಿನಿಂದ ಹಿಮದ ಕುಸಿತವಾಗಬಹುದಾದ ಜಾಗಗಳು ದಾರಿಯಲ್ಲಿ. ಯಜಮಾನರು ದೂರವಾಣಿಯಲ್ಲಿ ವೈದ್ಯರನ್ನು ಹಿಡಿದರು. ಅವರು ತುಟಿ ಉಗುರುಗಳ ಬಣ್ಣವನ್ನು ವಿಚಾರಿಸಿ, ನೀಲಿಯಾಗಿಲ್ಲವೆಂದು ತಿಳಿದು, ಏನು ಮಾಡಬೇಕೆಂದು ಹೇಳಿ, ಬೆಳಗಾದೊಡನೆ ಕರೆತರಬೇಕೆಂದರು.

ಆ ರಾತ್ರಿಯನ್ನು ನಾವು ಮರೆಯುವುದಿಲ್ಲ. ಅಜ್ಜಿಯು ಮಗುವನ್ನು ತಲೆಯೆತ್ತರವಾಗಿ ಒರಗಿಸಿ ತಮ್ಮ ಮಗ್ಗುಲಿಗೆ ತೆಗೆದುಕೊಂಡರು. ಗಳಿಗೆಗೊಮ್ಮೆ ಬಿಸಿನೀರನ್ನು ಚಮಚದಲ್ಲಿ ಕುಡಿಸುತ್ತ, ಒಲೆಗೆ ಸೌದೆಯನ್ನು ಒಡ್ಡುತ್ತ, ಹೊಗೆ ನಿಲ್ಲಬಾರದೆಂದು ಕಿಟಕಿಯನ್ನು ಬೆರಳಗಲ ತೆರೆದಿಟ್ಟು ಕುಳಿತರು. ನಮ್ಮ ಮನೆಯಾಕೆ ಎಷ್ಟು ಕೇಳಿಕೊಂಡರೂ ಮಲಗಲಿಲ್ಲ. ಆಕೆಗೆ ಕನ್ನಡವಿಲ್ಲ, ಇವಳಿಗೆ ಆ ಸೀಮೆಯ ಮಾತಿಲ್ಲ. ಆದರೂ ಇಬ್ಬರೂ ಬೆಳಗಿನವರೆಗೆ ಮಾತನಾಡಿಕೊಂಡರು. ನಡುರಾತ್ರಿಯಲ್ಲಿ ಯಜಮಾನರು ಮೆಲ್ಲನೆ ನಮಗೆ ಹೇಳಿದರು: “ನನಗಿಂತ ಹಿರಿಯಳಾಗಿ ಒಬ್ಬ ಅಕ್ಕನಿದ್ದಳಂತೆ. ಇಂಥದೇ ಚಳಿಗಾಲ, ಇಂಥದೇ ಕೆಮ್ಮು. ಆಗ ಸುರಂಗವೂ ಇಲ್ಲ, ದೂರವಾಣಿಯೂ ಇಲ್ಲ.” ಹೆಚ್ಚು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಬೆಳಗಿನ ಜಾವಕ್ಕೆ ಹಿಮ ನಿಂತಿತು. ಸೂರ್ಯನು ಕಾಣಿಸುವುದಕ್ಕೆ ಮುಂಚೆ ಹಳ್ಳಿಯ ಏಳೆಂಟು ಮಂದಿ ತರುಣರು ಸಲಿಕೆ ಹಿಡಿದು ಬಂದರು. ಅವರಿಗೆ ಸುದ್ದಿ ಹೇಳಿದವರು ಯಾರೋ ನಮಗೆ ತಿಳಿಯದು. ಮನೆಯ ಬಾಗಿಲಿನಿಂದ ಹೆದ್ದಾರಿಯವರೆಗೆ ಒಬ್ಬರು ನಡೆಯುವಷ್ಟು ಅಗಲದ ಓಣಿಯನ್ನು ಅವರು ಅಗೆದರು. ಮಗುವನ್ನು ದಪ್ಪ ಉಣ್ಣೆಯ ಪಟ್ಟುವಿನಲ್ಲಿ ಸುತ್ತಿ ಯಜಮಾನರು ಬೆನ್ನಿಗೆ ಕಟ್ಟಿಕೊಂಡರು. ಎರಡು ಗೋಡೆಗಳಂತೆ ನಿಂತ ಹಿಮದ ನಡುವೆ ನಾವು ಹಿಂದೆ ಹಿಂದೆ ನಡೆದೆವು. ಹೆದ್ದಾರಿಯಲ್ಲಿ ಹಿಮ ತೆಗೆಯುವ ಯಂತ್ರವು ಬರುವವರೆಗೆ ಒಂದು ಗಂಟೆ ಕಾದು, ಅದರ ಬೆನ್ನ ಹಿಂದೆಯೇ, ಚಕ್ರಗಳಿಗೆ ಸರಪಳಿ ಕಟ್ಟಿದ ಜೀಪಿನಲ್ಲಿ ಕೇಲಾಂಗನ್ನು ಸೇರಿದೆವು. ವೈದ್ಯರು ಪರೀಕ್ಷಿಸಿ, ಎದೆಯಲ್ಲಿ ಶೀತ ಕಟ್ಟಿದೆ, ಸಕಾಲದಲ್ಲಿ ಬಂದಿರಿ, ಹೆದರಬೇಡಿರೆಂದರು. ಒಂದು ಹಗಲು ಪ್ರಾಣವಾಯುವನ್ನೂ ಔಷಧವನ್ನೂ ಕೊಟ್ಟು ಸಂಜೆಗೆ ಕಳುಹಿಸಿದರು. ಮರುದಿನ ಮಗಳು ಎದ್ದು ಕುಳಿತು ಚಕ್ಕುಲಿ ಕೇಳಿದಳು. ಚಕ್ಕುಲಿಯು ಮುಗಿದಿತ್ತು, ಕೊನೆಯದನ್ನು ಅಜ್ಜಿಯು ಬಟ್ಟೆಯಲ್ಲಿ ಕಟ್ಟಿ ತೆಗೆದಿಟ್ಟಿದ್ದರು!

ಇನ್ನೆರಡು ದಿನ ಅಲ್ಲಿಯೇ ಇದ್ದೆವು. ಈಗ ಯಾರಿಗೂ ಅವಸರವಿರಲಿಲ್ಲ. ಹಿಮವು ಚೆನ್ನಾಗಿ ಬಿದ್ದುದರಿಂದ ಮನೆಯವರ ಮುಖಗಳಲ್ಲಿ ಹಬ್ಬವಿತ್ತು. ನಿಜವಾದ ಹಬ್ಬವು ಜನವರಿಯಲ್ಲಿ: ಹಾಲ್ಡಾ. ಲಾಮಾಗಳು ಗೊತ್ತುಮಾಡಿದ ರಾತ್ರಿಯಲ್ಲಿ ಮನೆಮನೆಯಿಂದ ಮರದ ಸಿಗುರುಗಳ ಪಂಜುಗಳನ್ನು ಹಚ್ಚಿ ತಂದು, ಒಂದೆಡೆ ಸೇರಿಸಿ ದೊಡ್ಡ ಬೆಂಕಿ ಮಾಡಿ, ಶಿಸ್ಕರ್ ಆಪಾ ಎಂಬ ಸಂಪತ್ತಿನ ದೇವಿಯನ್ನು ನೆನೆಯುತ್ತಾರೆ. ಆ ದಿನಗಳಲ್ಲಿ ದೇವತಾಕಾರ್ಯಕ್ಕೆ ಗಲಭೆಯಾಗಬಾರದೆಂದು ಸಿಸ್ಸುವಿನಂಥ ಕೆಲವು ಹಳ್ಳಿಗಳವರು ಪ್ರವಾಸಿಗಳ ಚಟುವಟಿಕೆಗಳನ್ನೇ ಕೆಲವು ವಾರಗಳ ಮಟ್ಟಿಗೆ ನಿಲ್ಲಿಸಿರುವುದುಂಟು. ಬರುವ ಹಣವನ್ನು ಬಿಟ್ಟು ದೇವರಿಗೆ ಮೌನವನ್ನು ಕೊಡುವ ಈ ಮನಸ್ಸು ದೊಡ್ಡದಲ್ಲವೆ? ಹೋಗುವವರು ಇದನ್ನು ವಿಚಾರಿಸಿಕೊಂಡೇ ಹೋಗಬೇಕು.

ಎಂಟನೆಯ ದಿನ ದಾರಿ ತೆರೆಯಿತು. ಹೆಚ್ಚಾಗಿ ಉಳಿದ ಮೂರು ದಿನಗಳ ಹಣವನ್ನು ಕೊಡಹೋದಾಗ ಯಜಮಾನರು ತೆಗೆದುಕೊಳ್ಳಲಿಲ್ಲ. “ಐದು ದಿನ ನೀವು ಅತಿಥಿಗಳು. ಆಮೇಲೆ ಹಿಮ ಇಟ್ಟುಕೊಂಡಿತು. ಅದಕ್ಕೆ ನಾವು ಹೇಗೆ ಬಾಡಿಗೆ ತೆಗೆದುಕೊಳ್ಳೋಣ?” ಎಂದರು. ಅಜ್ಜಿಯು ಆ ರಾತ್ರಿಗಳಲ್ಲಿ ಹೆಣೆದು ಮುಗಿಸಿದ್ದ ಒಂದು ಜೊತೆ ಪುಟ್ಟ ಕಾಲುಚೀಲವನ್ನು ಮಗಳ ಕಾಲಿಗೆ ತಾವೇ ತೊಡಿಸಿದರು.

ನಮ್ಮಂತೆ ಮಕ್ಕಳೊಡನೆ ಹೋಗಬೇಕೆನ್ನುವ ಗೃಹಸ್ಥರಿಗೆ ಎರಡು ಮಾತು. ಒಂದು ದಪ್ಪ ಉಡುಪಿಗಿಂತ ಮೂರು ತೆಳುವಾದ ಉಡುಪುಗಳು ಮೇಲು. ಒದ್ದೆಯಾದ ಕಾಲುಚೀಲವನ್ನು ಆ ಕ್ಷಣವೇ ಬದಲಿಸಬೇಕು. ಎತ್ತರಕ್ಕೆ ಒಂದೇ ಓಟದಲ್ಲಿ ಏರಬಾರದು. ಮೊದಲ ಎರಡು ದಿನ ಮಕ್ಕಳನ್ನು ಓಡಲು ಬಿಡಬಾರದು. ಕೆಮ್ಮು ಉಬ್ಬಸಗಳನ್ನು ಹಗಲಿನಲ್ಲಿಯೇ ಗಮನಿಸಬೇಕು. ಮುಚ್ಚಿದ ಕೋಣೆಯಲ್ಲಿ ಕೆಂಡವನ್ನಿಟ್ಟುಕೊಂಡು ಮಲಗಲೇಬಾರದು. ಹಿಂದಿರುಗುವ ದಿನವನ್ನು ಇಷ್ಟೇ ಎಂದು ಬಿಗಿಮಾಡಿಕೊಳ್ಳದೆ, ಕೈಯಲ್ಲಿ ಎರಡು ಮೂರು ದಿನ ಮಿಗಿಸಿಕೊಂಡಿರಬೇಕು. ಅಲ್ಲಿ ಪಂಚಾಂಗವು ಹಿಮದ್ದು.

ಸಂಕ್ರಾಂತಿಯ ದಿನ ಎಳ್ಳು ಬೀರಿ ಬಂದ ಮೇಲೆ ಯಜಮಾನರಿಗೆ ದೂರವಾಣಿ ಮಾಡಿದೆವು. ಮತ್ತೆ ಮೂರು ಅಡಿ ಬಿದ್ದಿದೆ, ಕೂಲ್‌ಗಳಿಗೆ ಈ ವರ್ಷ ನೀರಿನ ಭಯವಿಲ್ಲವೆಂದು ಅವರು ಹರ್ಷದಿಂದ ಹೇಳಿದರು. ಮಗಳು ನಮ್ಮ ಕೈಯಿಂದ ದೂರವಾಣಿಯನ್ನು ಕಸಿದುಕೊಂಡು ಕೇಳಿದ್ದು ಒಂದೇ ಮಾತು: “ಪಕ್ಕದ ಮನೆಯ ಅಜ್ಜ ಅಜ್ಜಿಯರ ಮಾಳಿಗೆಯ ಹಿಮವನ್ನು ತಳ್ಳಿದಿರಾ?” ಅವಳ ಅರ್ಧ ಕನ್ನಡದ ಹಿಂದಿಯು ಅವರಿಗೆ ಹೇಗೆ ತಿಳಿಯಿತೋ! ಆಗಲೇ ತಳ್ಳಿಯಾಯಿತೆಂದು ಉತ್ತರ ಬಂತು.